ಫಿಡೆಲಿಟಿ ಮೋಡಾ ಪರ್ಫಾರ್ಮೆನ್ಸ್ ಮೋಡಾ? ನಿಂತಾಗ ಒಂದು ಚೆಂದ, ಓಡಿದಾಗ ಇನ್ನೊಂದು ಚೆಂದ

ಪ್ರಶ್ನೆ

ಎಲ್ರಿಗೂ ನಮಸ್ಕಾರ, ಒಂದು ವಾರದಿಂದ ತಲೆ ಕೊರೀತಿರೋ ವಿಷ್ಯ ಇದು, ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ. ಪ್ಲೇಸ್ಟೇಷನ್ 4 (ಪಿಎಸ್ 4) ಗೇಮ್ ಕನ್ಸೋಲ್ ಬಿಟ್ಟು ಈಗಷ್ಟೇ ಪಿಎಸ್ 5ಗೆ ಬಂದಿದೀನಿ. ಹಳೇದ್ರಲ್ಲಿ ಡಿಸ್ಕ್ ಹಾಕು, ಆಡು, ಅಷ್ಟೇ ಇತ್ತು. ಇಲ್ಲಿ ನೋಡಿದ್ರೆ ಫಿಡೆಲಿಟಿ ಬೇಕಾ, ಪರ್ಫಾರ್ಮೆನ್ಸ್ ಬೇಕಾ, ಪರ್ಫಾರ್ಮೆನ್ಸ್ ಆರ್‌ಟಿ ಬೇಕಾ ಅಂತ ಮೂರ್ಮೂರು ಇದೆ.

ಸ್ಪೈಡರ್‌ಮ್ಯಾನ್ ಮೈಲ್ಸ್ ಮೊರಾಲೆಸ್ ಆಡ್ತಿದೀನಿ. ಫಿಡೆಲಿಟಿಯಲ್ಲಿ ಒಂದು ಗಾಜಿನ ಬಿಲ್ಡಿಂಗ್‌ಗೆ ಅಂಟ್ಕೊಂಡು ನಿಂತ್ರೆ ಎದುರುಗಡೆ ರಸ್ತೆ, ಹಿಮ, ಹೋಗ್ತಿರೋ ಕಾರು, ಮೈಲ್ಸ್ ಮುಖವಾಡ ಸಮೇತ ಗಾಜಲ್ಲಿ ಕಾಣುತ್ತೆ, ಅದನ್ನೇ ನೋಡ್ತಾ ಐದು ನಿಮಿಷ ಸುಮ್ನೆ ನಿಂತಿದ್ದೆ. ಆದ್ರೆ ಅಲ್ಲಿಂದ ಹಾರಿ ಬಲೆ ಎಸೆದು ಕ್ಯಾಮೆರಾ ತಿರುಗಿಸಿದ್ರೆ ಬಿಲ್ಡಿಂಗ್ ಅಂಚೆಲ್ಲ ತಡವರಿಸ್ತಾ ಹೋಗುತ್ತೆ, ಒಂದೊಂದು ಗೆರೆ ಎರಡೆರಡಾಗಿ ಕಂಡಂಗೆ ಆಗುತ್ತೆ, ಸ್ವಲ್ಪ ಹೊತ್ತಿಗೆ ಕಣ್ಣು ನೋಯುತ್ತೆ. ಪರ್ಫಾರ್ಮೆನ್ಸ್‌ಗೆ ಹಾಕಿದ್ರೆ ಎಣ್ಣೆ ಹಾಕಿದಂಗೆ ಜಾರ್ಕೊಂಡು ಹೋಗುತ್ತೆ, ಆದ್ರೆ ಅದೇ ಗಾಜಿನ ಹತ್ರ ಹೋಗಿ ನಿಂತ್ರೆ ಯಾವುದೋ ಮಬ್ಬು ಚಿತ್ರ ಅಂಟಿಸಿಟ್ಟಂಗಿದೆ, ನಾನೇ ಅಲ್ಲಿಲ್ಲ!

ನನ್ನ ಪ್ರಶ್ನೆ ಇಷ್ಟೇ. 10 ಟೆರಾಫ್ಲಾಪ್ (ಲೆಕ್ಕ ಹಾಕೋ ವೇಗ) ಅಂತೆಲ್ಲ ಹೇಳ್ತಾರಲ್ಲ, ಅಷ್ಟಿದ್ದೂ ಎರಡೂ ಒಟ್ಟಿಗೆ ಯಾಕೆ ಕೊಡಕ್ಕಾಗಲ್ಲ? ಪರ್ಫಾರ್ಮೆನ್ಸ್ ಹಾಕಿದಾಗ ನಿಜವಾಗ್ಲೂ ಏನೇನು ಕಳ್ಕೊಳ್ತೀನಿ, ಬರೀ ಪಿಕ್ಸೆಲ್ಲಾ ಅಥವಾ ಬೇರೇನೂ ಹೋಗುತ್ತಾ? ಟಿವಿ 55 ಇಂಚು, 4ಕೆ, ಸುಮಾರು ಎರಡು ಮೀಟರ್ ದೂರ ಕೂತು ಆಡ್ತೀನಿ. ಕನ್ಸೋಲ್‌ನ ವಿಡಿಯೋ ಔಟ್‌ಪುಟ್ ಮಾಹಿತಿಯಲ್ಲಿ 3840×2160, 60 ಹರ್ಟ್ಸ್ ಅಂತ ತೋರಿಸ್ತಿದೆ.

ಉತ್ತರ 1

ಒಳ್ಳೇ ಪ್ರಶ್ನೆ ಗುರು. ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದ್ರೆ ಎಷ್ಟು ಚಿತ್ರ) ಲೆಕ್ಕ ಬಿಟ್ಟು ಟೈಮ್ ಲೆಕ್ಕದಲ್ಲಿ ಯೋಚ್ನೆ ಮಾಡಿದ್ರೆ ಇದು ಬೇಗ ಅರ್ಥ ಆಗುತ್ತೆ. ಫಿಡೆಲಿಟಿಯ 30 ಎಫ್‌ಪಿಎಸ್ ಅಂದ್ರೆ ಒಂದು ಫ್ರೇಮ್ ರೆಡಿ ಮಾಡೋಕೆ ಕನ್ಸೋಲ್‌ಗೆ 33.3 ಮಿಲಿಸೆಕೆಂಡ್ ಸಿಗುತ್ತೆ, ಪರ್ಫಾರ್ಮೆನ್ಸ್‌ನ 60 ಅಂದ್ರೆ 16.7, 120 ಅಂದ್ರೆ 8.3 ಅಷ್ಟೇ. ಅಷ್ಟರೊಳಗೆ ಎಲ್ಲಾ ಕೆಲಸ ಮುಗೀಬೇಕು, ಒಂದು ಮಿಲಿಸೆಕೆಂಡ್ ಲೇಟಾದ್ರೂ ಆ ಫ್ರೇಮ್ ಬಸ್ ತಪ್ಪಿಸ್ಕೊಂಡಂಗೆ, ಟಿವಿ ಹಳೇ ಫ್ರೇಮನ್ನೇ ಇನ್ನೊಂದ್ಸಲ ತೋರಿಸುತ್ತೆ.

ಈಗ ಪಿಕ್ಸೆಲ್ ಲೆಕ್ಕ ನೋಡಿ. 1080ಪಿಯಲ್ಲಿ 20.7 ಲಕ್ಷ ಪಿಕ್ಸೆಲ್, 1440ಪಿಯಲ್ಲಿ ಸುಮಾರು 36.9 ಲಕ್ಷ, 4ಕೆಯಲ್ಲಿ 82.9 ಲಕ್ಷ. ಅಂದ್ರೆ 4ಕೆ ಅನ್ನೋದು 1080ಪಿಯ ಕರೆಕ್ಟಾಗಿ ನಾಲ್ಕು ಪಟ್ಟು. 4ಕೆ 60 ಬೇಕು ಅಂದ್ರೆ ಸೆಕೆಂಡಿಗೆ ಹತ್ತಿರ ಹತ್ತಿರ 50 ಕೋಟಿ ಪಿಕ್ಸೆಲ್‌ಗೆ ಬಣ್ಣ ಲೆಕ್ಕ ಹಾಕ್ಬೇಕು, ಅದೂ ಒಂದೊಂದು ಪಿಕ್ಸೆಲ್‌ಗೆ ಬೆಳಕು ಎಲ್ಲಿಂದ ಬಂತು, ನೆರಳು ಬಿದ್ದಿದ್ಯಾ, ಮೇಲ್ಮೈ ಒರಟಾ ನುಣುಪಾ ಅಂತ ಹತ್ತಾರು ಸಲ ಮೆಮೊರಿ ಕಡೆ ಹೋಗಿ ಬಂದು. ಪಿಎಸ್ 5ನಲ್ಲಿ ಮೆಮೊರಿ ಬ್ಯಾಂಡ್‌ವಿಡ್ತ್ (ಡೇಟಾ ಸಾಗೋ ವೇಗ) ಸೆಕೆಂಡಿಗೆ 448 ಜಿಬಿ, ಕೇಳೋಕೆ ಜಾಸ್ತಿ ಅನ್ಸುತ್ತೆ, ಆದ್ರೆ ಅದನ್ನ ಸಿಪಿಯು (ಆಟದ ಲೆಕ್ಕಾಚಾರ ಮಾಡೋ ಭಾಗ) ಜಿಪಿಯು (ಚಿತ್ರ ಬರೆಯೋ ಭಾಗ) ಇಬ್ರೂ ಹಂಚ್ಕೋಬೇಕು, 4ಕೆಗೆ ಹೋದ ತಕ್ಷಣ ಟೆರಾಫ್ಲಾಪ್ ಉಳಿದಿದ್ರೂ ಬ್ಯಾಂಡ್‌ವಿಡ್ತ್ ಖಾಲಿ ಆಗೋದು ಮಾಮೂಲಿ.

ಇಲ್ಲಿ ತುಂಬಾ ಜನ ತಪ್ಪು ತಿಳ್ಕೊಳ್ಳೋ ಒಂದು ವಿಷ್ಯ ಇದೆ. 4ಕೆಯಿಂದ 1440ಪಿಗೆ ಇಳಿದ್ರೆ ಪಿಕ್ಸೆಲ್ ಅರ್ಧಕ್ಕಿಂತ ಕಮ್ಮಿ ಆಯ್ತಲ್ಲ, ಹಂಗಾದ್ರೆ 30 ಇದ್ದಿದ್ದು ಸಲೀಸಾಗಿ 60 ಆಗ್ಬೇಕಲ್ಲ ಅಂತಾರೆ. ಆಗಲ್ಲ. ಒಂದು ಫ್ರೇಮ್ ಒಳಗೆ ರೆಸಲ್ಯೂಶನ್‌ಗೆ (ಪಿಕ್ಸೆಲ್ ಸಂಖ್ಯೆಗೆ) ಸಂಬಂಧನೇ ಇಲ್ಲದ ಕೆಲಸ ಬೇಕಾದಷ್ಟಿರುತ್ತೆ. ಸೂರ್ಯನ ನೆರಳಿಗೆ ಅಂತ ಬೇರೆ ಒಂದು ಮ್ಯಾಪ್ ರೆಂಡರ್ ಮಾಡ್ತಾರೆ, ಅದರ ಸೈಜ್ ನಿಮ್ಮ ಸ್ಕ್ರೀನ್ ಸೈಜ್ ಮೇಲೆ ನಿಂತಿಲ್ಲ. ರೇ ಟ್ರೇಸಿಂಗ್ (ಆರ್‌ಟಿ, ಬೆಳಕಿನ ಕಿರಣ ಹಿಂಬಾಲಿಸಿ ಪ್ರತಿಬಿಂಬ, ನೆರಳು ಲೆಕ್ಕ ಹಾಕೋದು) ಇದ್ರೆ ಇಡೀ ದೃಶ್ಯದ ಆಕಾರಗಳನ್ನೆಲ್ಲ ಒಂದು ಮರದ ಥರ ಜೋಡಿಸಿ ಇಟ್ಕೋಬೇಕು, ಕಿರಣ ಯಾವುದಕ್ಕೆ ಬಡೀತು ಅಂತ ಬೇಗ ಹುಡುಕೋಕೆ, ಓಡಾಡೋ ಕಾರು ಜನ ಎಲ್ಲಾ ಇರೋದ್ರಿಂದ ಅದನ್ನ ಫ್ರೇಮ್ ಫ್ರೇಮ್‌ಗೂ ಅಪ್‌ಡೇಟ್ ಮಾಡ್ತಾನೇ ಇರ್ಬೇಕು, ಇದೂ 720ಪಿ ಆದ್ರೂ ಅಷ್ಟೇ 4ಕೆ ಆದ್ರೂ ಅಷ್ಟೇ. ಅದಕ್ಕೇ 60 ಮುಟ್ಟಬೇಕು ಅಂದ್ರೆ ಪಿಕ್ಸೆಲ್ ಇಳಿಸಿದ್ರೆ ಸಾಲಲ್ಲ, ಎಫೆಕ್ಟ್‌ಗಳಿಗೂ ಕತ್ತರಿ ಹಾಕ್ಬೇಕು.

ನಿಮ್ಮ ಆಟದಲ್ಲೇ ಇದು ಎಷ್ಟು ಚೆನ್ನಾಗಿ ಕಾಣುತ್ತೆ ಅಂದ್ರೆ, ಪರ್ಫಾರ್ಮೆನ್ಸ್ ಆರ್‌ಟಿ ಅನ್ನೋ ಮೂರನೇ ಮೋಡ್ ರಿಲೀಸ್ ಆದಾಗ ಇರ್ಲೇ ಇಲ್ಲ, 2020ರ ಡಿಸೆಂಬರ್‌ನಲ್ಲಿ ಪ್ಯಾಚ್ ಮೂಲಕ ಬಂತು. ಗಾಜಿನ ಪ್ರತಿಬಿಂಬ ಇಟ್ಕೊಂಡೇ 60 ಕೊಡ್ತೀವಿ, ಬದಲಿಗೆ ದೃಶ್ಯದ ರೆಸಲ್ಯೂಶನ್, ಪ್ರತಿಬಿಂಬದ ಕ್ವಾಲಿಟಿ, ರಸ್ತೆ ಮೇಲಿನ ಜನರ ಸಂಖ್ಯೆ ಈ ಮೂರನ್ನೂ ಇಳಿಸಿದೀವಿ ಅಂತ ಮಾಡಿದೋರೇ ಹೇಳಿದ್ರು. ಅಂದ್ರೆ ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಅಲ್ಲೇ ಇದೆ, ಬರೀ ಪಿಕ್ಸೆಲ್ ಅಲ್ಲ, ಫುಟ್‌ಪಾತ್ ಮೇಲೆ ನಡೆಯೋ ಮನುಷ್ಯರೂ ಕಮ್ಮಿ ಆಗ್ತಾರೆ. ಈ ಮೋಡ್ ನೀವು ಟ್ರೈ ಮಾಡಿದ್ರಾ? ಅದರ ಬಗ್ಗೆ ಏನೂ ಬರ್ದಿಲ್ಲ.

ಇನ್ನೊಂದು, ಪರ್ಫಾರ್ಮೆನ್ಸ್‌ನಲ್ಲಿ ನಿಮ್ಗೆ ಕಂಡ ಆ ಮಬ್ಬು ಚಿತ್ರ ಇದ್ಯಲ್ಲ, ಅದು ಕ್ಯೂಬ್‌ಮ್ಯಾಪ್. ಊರಿನ ಆ ಜಾಗದ್ದು ಮೊದಲೇ ಸುತ್ತಲೂ ಫೋಟೋ ಹೊಡೆದಿಟ್ಟು ಗಾಜಿಗೆ ಅಂಟಿಸಿರ್ತಾರೆ, ಅದಕ್ಕೇ ನೀವು ಅದರಲ್ಲಿಲ್ಲ. ಇದಕ್ಕೂ ರೇ ಟ್ರೇಸಿಂಗ್‌ಗೂ ನಡುವೆ ಸ್ಕ್ರೀನ್ ಸ್ಪೇಸ್ ರಿಫ್ಲೆಕ್ಷನ್ ಅಂತ ಇನ್ನೊಂದಿದೆ, ಅದು ಸ್ಕ್ರೀನ್ ಮೇಲೆ ಈಗ ಏನು ಕಾಣ್ತಿದ್ಯೋ ಅದನ್ನ ಮಾತ್ರ ನೀರಲ್ಲಿ ತೋರಿಸೋಕೆ ಆಗೋದು. ಯಾವುದಾದ್ರೂ ಆಟದಲ್ಲಿ ಕೆರೆ ದಡಕ್ಕೆ ಹೋಗಿ ಆಚೆ ದಡದ ಮರ ನೀರಲ್ಲಿ ಕಾಣೋ ಹಂಗೆ ನಿಂತ್ಕೊಳ್ಳಿ, ಆಮೇಲೆ ಕ್ಯಾಮೆರಾ ನಿಧಾನಕ್ಕೆ ಕೆಳಗೆ ಬಗ್ಗಿಸಿ. ಮರದ ತುದಿ ಸ್ಕ್ರೀನ್‌ನಿಂದ ಮೇಲಕ್ಕೆ ಹೋಗ್ತಿದ್ದಂಗೆ ನೀರಲ್ಲಿ ಅದರ ಬಿಂಬನೂ ಅಳಿಸ್ಕೊಂಡು ಹೋದ್ರೆ ಅದು ಸ್ಕ್ರೀನ್ ಸ್ಪೇಸ್. ಒಂದ್ಸಲ ಇದನ್ನ ಕಂಡುಹಿಡಿದ್ರೆ ಆಮೇಲೆ ಎಲ್ಲಾ ಆಟದಲ್ಲೂ ಕಣ್ಣಿಗೆ ಬೀಳುತ್ತೆ.

ಉತ್ತರ 2

ಮೇಲೆ ಹೇಳಿದ್ದು ಪೂರ್ತಿ ಜಿಪಿಯು ಕಡೆದಾಯ್ತು, ಸಿಪಿಯು ಬಗ್ಗೆ ಯಾರೂ ಮಾತಾಡಲ್ಲ ಅನ್ನೋದು ನಂಗೆ ಯಾವಾಗ್ಲೂ ಬೇಜಾರು. ರೆಸಲ್ಯೂಶನ್ ಎಷ್ಟೇ ಇಳಿಸಿದ್ರೂ ಸಿಪಿಯು ಕೆಲಸ ಒಂದು ಚೂರೂ ಕಮ್ಮಿ ಆಗಲ್ಲ. ಯಾರು ಎಲ್ಲಿ ನಡೀಬೇಕು, ಯಾವ ಕಲ್ಲು ಎಲ್ಲಿ ಉರುಳಬೇಕು, ಈ ಫ್ರೇಮ್‌ನಲ್ಲಿ ಏನೇನು ಬರೀಬೇಕು ಅಂತ ಜಿಪಿಯುಗೆ ಪಟ್ಟಿ ಕೊಡೋದು, ಎಲ್ಲಾ ಅದೇ ಮಾಡೋದು. ಆ ಪಟ್ಟಿ ರೆಡಿ ಆಗೋಕೇ 25 ಮಿಲಿಸೆಕೆಂಡ್ ಹಿಡಿದ್ರೆ ಜಿಪಿಯು ಎಷ್ಟು ಜೋರಿದ್ದು ಏನು ಪ್ರಯೋಜನ, ಕೈ ಕಟ್ಕೊಂಡು ಕೂತಿರುತ್ತೆ.

ಪಿಎಸ್ 4 ಕಾಲದಲ್ಲಿ ಯಾಕೆ ಅಷ್ಟೊಂದು ಆಟ 30ಕ್ಕೇ ನಿಂತಿದ್ವು ಅಂದ್ರೆ ಇದೇ ಕಾರಣ. 2013ರ ಪಿಎಸ್ 4ನಲ್ಲಿ ಇದ್ದಿದ್ದು 1.6 ಗಿಗಾಹರ್ಟ್ಸ್‌ನ ಜಾಗ್ವಾರ್ ಕೋರ್, ಲ್ಯಾಪ್‌ಟಾಪ್ ಟ್ಯಾಬ್ಲೆಟ್‌ಗೆ ಅಂತ ಮಾಡಿದ ಬಡಪಾಯಿ ಕೋರ್ ಅದು. 2016ರಲ್ಲಿ ಪಿಎಸ್ 4 ಪ್ರೋ ಬಂದಾಗ ಜಿಪಿಯು 1.84 ಟೆರಾಫ್ಲಾಪ್‌ನಿಂದ 4.2ಕ್ಕೆ ಹಾರ್ತು, ಎರಡು ಪಟ್ಟಿಗಿಂತ ಜಾಸ್ತಿ, ಆದ್ರೆ ಸಿಪಿಯು 1.6ರಿಂದ 2.1 ಗಿಗಾಹರ್ಟ್ಸ್‌ಗೆ ಅಷ್ಟೇ ಹೋಗಿದ್ದು. ಹಂಗಾಗಿ ಆ ಹೆಚ್ಚಿನ ಶಕ್ತಿ ಎಲ್ಲಾ ರೆಸಲ್ಯೂಶನ್ ಕಡೆಗೇ ಹರೀತು, ಚೆಕರ್‌ಬೋರ್ಡ್ (ಅರ್ಧ ಪಿಕ್ಸೆಲ್ ಬರೆದು ಉಳಿದಿದ್ದನ್ನ ಊಹಿಸಿ ತುಂಬೋದು) ಮಾಡಿ 4ಕೆ ಹತ್ರ ತಂದ್ರು, ಫ್ರೇಮ್ ರೇಟ್ ಮಾತ್ರ ಅಲ್ಲೇ ಇತ್ತು. 2024ರ ಪಿಎಸ್ 5 ಪ್ರೋದಲ್ಲೂ ಹೆಚ್ಚುಕಮ್ಮಿ ಅದೇ ಕಥೆ, ಜಿಪಿಯುನ ಕಂಪ್ಯೂಟ್ ಯೂನಿಟ್ 36ರಿಂದ 60 ಆಯ್ತು, ಸಿಪಿಯು ಹೆಚ್ಚುಕಮ್ಮಿ ಹಳೇದೇ. ಅದಕ್ಕೇ ಪ್ರೋ ತಗೊಂಡ್ರೆ ಎಲ್ಲಾ ಆಟ 60 ಆಗ್ಬಿಡುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, ಜಿಪಿಯು ಸಾಲ್ದೇ ಒದ್ದಾಡ್ತಿದ್ದ ಆಟಕ್ಕೆ ಮಾತ್ರ ಅದರಿಂದ ಲಾಭ.

ಇದನ್ನ ಮನೇಲೇ ಪರೀಕ್ಷೆ ಮಾಡ್ಬೋದು. ಕ್ವಾಲಿಟಿ ಮೋಡ್‌ನಲ್ಲಿ (ಫಿಡೆಲಿಟಿಗೇ ಇನ್ನೊಂದು ಹೆಸರು) ಒಂದು ಜಾಗದಲ್ಲಿ ತಡವರಿಸ್ತಾ ಇದ್ರೆ ಪರ್ಫಾರ್ಮೆನ್ಸ್‌ಗೆ ಹಾಕಿ ಅದೇ ಜಾಗಕ್ಕೆ ಬನ್ನಿ, ಅಲ್ಲೂ ಹಂಗೇ ತಡವರಿಸಿದ್ರೆ ತೊಂದ್ರೆ ಸಿಪಿಯುದು. ಡ್ರ್ಯಾಗನ್ಸ್ ಡಾಗ್ಮಾ 2ರಲ್ಲಿ ಇದು ಎದ್ದು ಕಾಣುತ್ತೆ, ಕಾಡಲ್ಲಿ ಓಡಾಡುವಾಗ ಪರವಾಗಿಲ್ಲ, ಜನ ತುಂಬಿರೋ ಪಟ್ಟಣಕ್ಕೆ ಕಾಲಿಟ್ರೆ ಫ್ರೇಮ್ ರೇಟ್ ಕುಸಿಯುತ್ತೆ, ಪಾತ್ರಗಳೇ ಸಿಪಿಯುಗೆ ಭಾರ ಅಂತ ಮಾಡಿದೋರೂ ಒಪ್ಕೊಂಡಿದ್ರು. ಸ್ಟಾರ್‌ಫೀಲ್ಡ್ 2023ರಲ್ಲಿ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನಲ್ಲಿ 30ಕ್ಕೆ ಲಾಕ್ ಆಗಿ ಬಂತು, 60ರ ಆಯ್ಕೆ ಬಂದಿದ್ದು 2024ರ ಮೇ ತಿಂಗಳ ಅಪ್‌ಡೇಟ್‌ನಲ್ಲಿ, ಅದೂ ಗಿಜಿಗುಡೋ ಊರಲ್ಲಿ 60 ನಿಲ್ಲಲ್ಲ.

ಸೀರೀಸ್ ಎಸ್ ನೋಡಿ, ಇದೇ ಮಾತಿಗೆ ಉಲ್ಟಾ ಉದಾಹರಣೆ. ಜಿಪಿಯು ಸೀರೀಸ್ ಎಕ್ಸ್‌ನ ಮೂರನೇ ಒಂದು ಭಾಗ, 4 ಟೆರಾಫ್ಲಾಪ್, ಆದ್ರೆ ಸಿಪಿಯು ಹತ್ತಿರ ಹತ್ತಿರ ಅದೇ. ಅದಕ್ಕೇ ರೆಸಲ್ಯೂಶನ್ ಕಟ್ ಮಾಡಿದ್ರೆ ಎಷ್ಟೋ ಆಟ ಅದರಲ್ಲೂ 60 ಓಡ್ತವೆ.

ಉತ್ತರ 3

ನಾನು ಸ್ವಲ್ಪ ಬೇರೆ ಪಕ್ಷ. 30 ಅಂದ ತಕ್ಷಣ ಮುಖ ಸಿಂಡರಿಸೋದು ಈಗ ಅಭ್ಯಾಸ ಆಗ್ಬಿಟ್ಟಿದೆ, ಆದ್ರೆ ಎಲ್ಲಾ 30ನೂ ಒಂದೇ ಅಲ್ಲ ಮಾರಾಯ್ರೆ. ಫ್ರೇಮ್ ಪೇಸಿಂಗ್ ಅಂತ ಒಂದು ಉಂಟು. ಸೆಕೆಂಡಿಗೆ 30 ಫ್ರೇಮ್ ಬಂದ್ರೆ ಸಾಲದು, ಒಂದೊಂದೂ 33 ಮಿಲಿಸೆಕೆಂಡ್‌ಗೆ ಒಂದರಂತೆ ಗಡಿಯಾರದ ಹಾಗೆ ಬರಬೇಕು. ಒಂದು 16ಕ್ಕೆ ಬಂದು ಮುಂದಿನದ್ದು 50ಕ್ಕೆ ಬಂದ್ರೂ ಸರಾಸರಿ ಲೆಕ್ಕದಲ್ಲಿ 30 ಅಂತಲೇ ಬರ್ತದೆ, ಆಡುವಾಗ ಮಾತ್ರ ಗುಂಡಿ ಬಿದ್ದ ರಸ್ತೆಯಲ್ಲಿ ಗಾಡಿ ಓಡಿಸಿದ ಹಾಗೆ. 2015ರ ಬ್ಲಡ್‌ಬೋರ್ನ್ ನನಗೆ ಪ್ರಾಣ, ಎಷ್ಟು ಸಲ ಮುಗಿಸಿದ್ದೇನೋ ಲೆಕ್ಕ ಇಲ್ಲ, ಆದ್ರೂ ಅದರ ಪೇಸಿಂಗ್ ಹಾಗೇ ಉಂಟು, ಕ್ಯಾಮೆರಾ ತಿರುಗಿಸಿದ್ರೆ ಸಣ್ಣ ಸಣ್ಣ ಮುಗ್ಗರಿಕೆ ಗೊತ್ತಾಗ್ತದೆ.

ಇನ್ನೊಂದು ನಿಮ್ಮ ಟಿವಿ ಯಾವ ಥರದ್ದು ಅಂತ ಹೇಳಲೇ ಇಲ್ಲ. ಓಲೆಡ್ ಆಗಿದ್ರೆ ನಿಮ್ಮ ಕಣ್ಣುನೋವಿಗೆ ಅರ್ಧ ಕಾರಣ ಅದೇ. ಎಲ್‌ಸಿಡಿ ಪಿಕ್ಸೆಲ್ ಒಂದು ಬಣ್ಣದಿಂದ ಇನ್ನೊಂದಕ್ಕೆ ಹೋಗ್ಲಿಕ್ಕೆ ಕೆಲವು ಮಿಲಿಸೆಕೆಂಡ್ ತಗೊಳ್ತದೆ, ಆ ಸೋಮಾರಿತನದಲ್ಲಿ ಒಂದು ಫ್ರೇಮ್ ಇನ್ನೊಂದರ ಮೇಲೆ ಸ್ವಲ್ಪ ಸವರಿದ ಹಾಗೆ ಆಗಿ 30ರ ತಡವರಿಕೆ ಮುಚ್ಚಿಹೋಗ್ತದೆ. ಓಲೆಡ್‌ನಲ್ಲಿ ಪಿಕ್ಸೆಲ್ ತಕ್ಷಣ ಬದಲಾಗ್ತದೆ, ಹಾಗಾಗಿ 33 ಮಿಲಿಸೆಕೆಂಡ್ ಚಿತ್ರ ಕಲ್ಲಿನ ಹಾಗೆ ನಿಂತು ಆಮೇಲೆ ಒಮ್ಮೆಲೇ ಮುಂದಕ್ಕೆ ಜಿಗೀತದೆ. ನಿಮ್ಮ ಕಣ್ಣು ಮಾತ್ರ ಆ ಬಿಲ್ಡಿಂಗನ್ನು ಹಿಂಬಾಲಿಸ್ತಾ ಎಡೆಬಿಡದೆ ಚಲಿಸ್ತಾ ಇರ್ತದೆ, ಅದಕ್ಕೇ ಅಂಚು ಎರಡೆರಡಾಗಿ ಕಾಣುವುದು.

ಇದಕ್ಕೆ ಮದ್ದು ಮೋಶನ್ ಬ್ಲರ್, ಅಂದ್ರೆ ಚಲಿಸುವುದನ್ನು ಸ್ವಲ್ಪ ಮಸುಕು ಮಾಡಿ ತೋರಿಸುವುದು. ಎಲ್ಲರೂ ಮೊದಲು ಆಫ್ ಮಾಡುವುದು ಅದನ್ನೇ! ಹಳೇ ಕಾಲದ ಮೋಶನ್ ಬ್ಲರ್ ಇಡೀ ಸ್ಕ್ರೀನಿಗೆ ಎಣ್ಣೆ ಬಳಿದ ಹಾಗೆ ಇರ್ತಿತ್ತು, ಬೈದ್ರೆ ತಪ್ಪಿಲ್ಲ. ಈಗಿನ ಒಳ್ಳೆ ಆಟಗಳಲ್ಲಿ ಪ್ರತಿ ವಸ್ತುವಿನ ವೇಗ ನೋಡಿ ಅದಕ್ಕೆ ತಕ್ಕಷ್ಟೇ ಬ್ಲರ್ ಹಾಕ್ತಾರೆ, 30ರಲ್ಲಿ ಆಡುವುದಾದ್ರೆ ಅದನ್ನು ಆನ್ ಇಟ್ಟು ಎರಡು ದಿನ ನೋಡಿ.

ನಿಧಾನಕ್ಕೆ ನಡೆಯುವ, ಕಥೆ ಹೇಳುವ ಆಟ ನಾನು ಇವತ್ತಿಗೂ ಕ್ವಾಲಿಟಿಯಲ್ಲೇ ಆಡುವುದು. ಬೆಳಕು ಸರಿಯಾಗಿ ಬಿದ್ದ ಒಂದು ಕೋಣೆ ನೋಡುವ ಸುಖವೇ ಬೇರೆ.

ಉತ್ತರ 4

ಬೆಳಕಿನ ಮಾತು ಒಪ್ತೀನಿ, ಆದ್ರೆ 30 ಅಂದ್ರೆ ಬರೀ ಕಣ್ಣಿನ ವಿಷ್ಯ ಅಲ್ಲ ಸರ್, ಕೈಯದ್ದೂ ಇದೆ. ಬಟನ್ ಒತ್ತಿದ್ದು ಸ್ಕ್ರೀನ್‌ಗೆ ಬರೋಕೆ ಒಂದು ಮೂರು ಫ್ರೇಮ್ ಹಿಡಿಯುತ್ತೆ ಅಂತಿಟ್ಕೊಳ್ಳಿ, 60ರಲ್ಲಿ ಅದು 50 ಮಿಲಿಸೆಕೆಂಡ್, 30ರಲ್ಲಿ 100. ಟಿವಿ ಗೇಮ್ ಮೋಡ್‌ನಲ್ಲಿಲ್ಲ ಅಂದ್ರೆ ಅದರ ಮೇಲೆ ಇನ್ನಷ್ಟು. ಫೈಟಿಂಗ್, ರೇಸಿಂಗ್, ಶೂಟಿಂಗ್ ಆಟದೋರು ಹೆಚ್ಚಾಗಿ 60 ಬಿಟ್ಟುಕೊಡದೇ ಇರೋದು ಸುಮ್ನೆ ಅಲ್ಲ.

ಮತ್ತೆ ಇದೇನು ಹೊಸ ಜಗಳ ಅಲ್ಲ. 1998ರಲ್ಲಿ ಒಂದೇ ನಿಂಟೆಂಡೋ 64 ಮೇಲೆ ಎರಡು ಆಟ ಬಂದ್ವು. ಜೆಲ್ಡಾ ಒಕರಿನಾ ಆಫ್ ಟೈಮ್ ಓಡ್ತಿದ್ದಿದ್ದು 20 ಎಫ್‌ಪಿಎಸ್‌ನಲ್ಲಿ, ಆ ವಿಶಾಲ ಬಯಲು, ಹಗಲು ರಾತ್ರಿ ಆಗೋ ಆಕಾಶ ಎಲ್ಲಾ ಇಟ್ಕೊಂಡು. ಎಫ್ ಜೀರೋ ಎಕ್ಸ್ ಅದೇ ಡಬ್ಬಿ ಮೇಲೆ 30 ಗಾಡಿ ಒಟ್ಟಿಗೆ ಬಿಟ್ಟು 60ರಲ್ಲಿ ಓಡ್ತು, ಅದಕ್ಕೆ ಕೊಟ್ಟ ಬೆಲೆ ಅಂದ್ರೆ ಸುತ್ತಮುತ್ತ ಏನೂ ಇಲ್ಲ, ಟ್ರ್ಯಾಕ್ ಬಿಟ್ರೆ ಬರೀ ಆಕಾಶ, ಗಾಡಿಗಳೂ ಮೂಲೆ ಮೂಲೆಯಾಗಿ ಸರಳ. ಎರಡೂ ಸರಿನೇ, ಯಾಕಂದ್ರೆ ಎರಡೂ ತನ್ನ ಆಟಕ್ಕೆ ಏನು ಬೇಕೋ ಅದನ್ನ ಉಳಿಸ್ಕೊಂಡ್ವು.

ಅದಕ್ಕೇ ನಂಗೆ ಆಟಗಾರನ ಕೈಗೆ ಮೂರು ಮೋಡ್ ಕೊಟ್ಟು ನೀನೇ ನೋಡ್ಕೋ ಅನ್ನೋದಕ್ಕಿಂತ ಮಾಡೋರು ಗಟ್ಟಿಯಾಗಿ ತೀರ್ಮಾನ ತಗೊಂಡಿರೋ ಆಟ ಇಷ್ಟ. ಗ್ರ್ಯಾನ್ ಟುರಿಸ್ಮೋ 7 ಪಿಎಸ್ 5ಗೆ ಬಂದಾಗ ರೇಸ್ ಮಾಡುವಾಗ ರೇ ಟ್ರೇಸಿಂಗ್ ಕೊಡ್ಲೇ ಇಲ್ಲ, 60 ಮುಖ್ಯ ಅಂತ. ರೇಸ್ ಮುಗಿದು ರೀಪ್ಲೇ ನೋಡುವಾಗ, ಗ್ಯಾರೇಜ್‌ನಲ್ಲಿ ಕಾರ್ ಸುತ್ತ ತಿರುಗುವಾಗ ಮಾತ್ರ ಆನ್ ಮಾಡಿದ್ರು, ಆಗ ತಾನೆ ಬಾನೆಟ್ ಮೇಲೆ ಪಕ್ಕದ ಕಾರಿನ ಬಿಂಬ ನೋಡೋಕೆ ನಮ್ಗೆ ಪುರುಸೊತ್ತಿರೋದು. ಸೂಪರ್ ಮಾರಿಯೋ ಒಡಿಸ್ಸಿಯಲ್ಲಿ ದೊಡ್ಡ ಊರಿನ ಲೆವೆಲ್‌ಗೆ ಹೋಗಿ ದೂರದಲ್ಲಿ ನಡೀತಿರೋ ಜನರನ್ನ ಗಮನ ಇಟ್ಟು ನೋಡಿ, ಮಾರಿಯೋ 60ರಲ್ಲಿ ಓಡ್ತಿದ್ರೆ ಅವ್ರು ಗೊಂಬೆ ಥರ ನಿಧಾನ ಫ್ರೇಮ್‌ನಲ್ಲಿ ಕಾಲು ಎತ್ತಿಡ್ತಿರ್ತಾರೆ. ಹತ್ರ ಹೋದ್ರೆ ಸರಿಹೋಗುತ್ತೆ. ಎಷ್ಟು ಜಾಣತನದ ಉಳಿತಾಯ ಅದು!

ರೆಸಲ್ಯೂಶನ್ ವಿಷ್ಯಕ್ಕೂ ಒಂದು ಮಾತು. 55 ಇಂಚಿನ 4ಕೆ ಟಿವಿಯಲ್ಲಿ ಒಂದು ಪಿಕ್ಸೆಲ್ ಅಗಲ ಸುಮಾರು 0.32 ಮಿಲಿಮೀಟರ್. ಮಾಮೂಲಿ ಒಳ್ಳೇ ಕಣ್ಣಿಗೆ ಅದು ಬಿಡಿಬಿಡಿಯಾಗಿ ಕಾಣ್ಬೇಕು ಅಂದ್ರೆ ಹೆಚ್ಚುಕಮ್ಮಿ ಒಂದು ಮೀಟರ್ ಹತ್ರಕ್ಕೆ ಬರ್ಬೇಕು. 1440ಪಿ ಪಿಕ್ಸೆಲ್‌ಗೆ ಸುಮಾರು ಒಂದೂವರೆ ಮೀಟರ್. ನೀವು ಕೂತಿರೋದು ಎರಡು ಮೀಟರ್ ದೂರ! ತಂತಿ, ಹುಲ್ಲು, ಬೇಲಿ ಇಂಥ ಸಣ್ಣ ಗೆರೆಗಳು ಓಡಾಡುವಾಗ ಮಿಣುಕೋದು ಮಾತ್ರ ದೂರದಿಂದನೂ ಕಾಣುತ್ತೆ, ಹೊರೈಜನ್ ಫರ್ಬಿಡನ್ ವೆಸ್ಟ್ ಬಂದ ಹೊಸದ್ರಲ್ಲಿ ಪರ್ಫಾರ್ಮೆನ್ಸ್ ಮೋಡ್‌ನ ಗಿಡಗಂಟಿ ಮಿಣುಕುತ್ತೆ ಅಂತ ಎಷ್ಟು ಜನ ಹೇಳಿದ್ರು, ಆಮೇಲೆ ಪ್ಯಾಚ್‌ನಲ್ಲಿ ಸರಿಮಾಡಿದ್ರು. ಅಂದ್ರೆ ಪಿಕ್ಸೆಲ್ ಎಷ್ಟು ಅನ್ನೋದಕ್ಕಿಂತ ಆ ಪಿಕ್ಸೆಲ್ ಫ್ರೇಮ್‌ನಿಂದ ಫ್ರೇಮ್‌ಗೆ ಎಷ್ಟು ಸ್ಥಿರವಾಗಿ ನಿಲ್ಲುತ್ತೆ ಅನ್ನೋದು ದೊಡ್ಡದು. ಬಿಟ್ಟುಕೊಡೋದೇ ಆದ್ರೆ ಮೊದಲು ರೆಸಲ್ಯೂಶನ್ ಬಿಡಿ, ಅದಕ್ಕಿಂತ ಅಗ್ಗದ ನಷ್ಟ ಬೇರೆ ಇಲ್ಲ.

ಉತ್ತರ 5

ಎಲ್ಲಾರೂ 30, 60 ಅಂತ ಹೊಡದಾಡಾಕತ್ತೀರಿ, ನಡುವ 40 ಅಂತ ಒಂದ ಐತಿ, ಅದನ್ನ ಯಾರೂ ಎತ್ತಲೇ ಇಲ್ಲ ನೋಡ್ರಿ. 40 ಅಂದ್ರ ಫ್ರೇಮಿಗೆ 25 ಮಿಲಿಸೆಕೆಂಡ್. 33.3ಕ್ಕೂ 16.7ಕ್ಕೂ ಸರಿಯಾಗಿ ನಟ್ಟನಡುವ ಅದು, ಎಣಿಕಿ ನೋಡಿದ್ರ 30ಕ್ಕ ಹತ್ರ ಅನಸ್ತೈತಿ, ಟೈಮಿನ ಲೆಕ್ಕದಾಗ ಅರ್ಧ ದಾರಿ ಬಂದಂಗ. ರ‍್ಯಾಚೆಟ್ ಅಂಡ್ ಕ್ಲ್ಯಾಂಕ್ ರಿಫ್ಟ್ ಅಪಾರ್ಟ್‌ಗೆ 2021ರಾಗ ಪ್ಯಾಚ್ ಕೊಟ್ಟು ಇದನ್ನ ತಂದ್ರು, ಕ್ವಾಲಿಟಿ ಮೋಡಿನ ರೇ ಟ್ರೇಸಿಂಗ್ ಹಂಗೇ ಇಟಗೊಂಡು. ಮೈಲ್ಸ್ ಮೊರಾಲೆಸ್‌ಗೂ ಆಮ್ಯಾಲ ಬಂತು.

ಆದ್ರ 120 ಹರ್ಟ್ಸ್ ಟಿವಿ ಬೇಕ್ರಿ, ಅಂದ್ರ ಸೆಕೆಂಡಿಗೆ 120 ಸಲ ಚಿತ್ರ ತೋರಸೂದು. 120ನ್ನ 40ರಿಂದ ಭಾಗಿಸಿದ್ರ 3, ಒಂದೊಂದು ಫ್ರೇಮ್ ಮೂರ ಸಲ ತೋರಿಸಿದ್ರ ಮುಗೀತು. 60 ಹರ್ಟ್ಸ್‌ನಾಗ ಒಂದೂವರೆ ಸಲ ಹೆಂಗ ತೋರಿಸ್ತೀರಿ, ಒಂದು ಫ್ರೇಮ್ ಒಂದ ಸಲ, ಇನ್ನೊಂದು ಎರಡ ಸಲ ಆಗಿ ಪೇಸಿಂಗ್ ಕೆಟ್ಟಹೋಗ್ತೈತಿ. ನಿಮ್ಮ ಟಿವಿ ನಿಜವಾಗ್ಲೂ 60 ಹರ್ಟ್ಸೇನ ಅಂತ ಒಮ್ಮೆ ಮ್ಯಾನ್ಯುವಲ್ ತೆಗದು ನೋಡ್ರಿ. ಭಾಳ ಟಿವಿದಾಗ ನಾಕು ಎಚ್‌ಡಿಎಂಐ ತೂತು ಇದ್ರ ಅದರಾಗ ಒಂದೋ ಎರಡೋ ಅಷ್ಟ 4ಕೆ 120 ತಗೋತಾವ, ಮತ್ತ ಟಿವಿ ಸೆಟಿಂಗ್‌ನಾಗ ಆ ಪೋರ್ಟಿನ ಸಿಗ್ನಲ್ ಮೋಡ್ ಬ್ಯಾರೆ ಬದಲಿಸಬೇಕಾಗ್ತೈತಿ. ಕೇಬಲ್ ಕನ್ಸೋಲ್ ಜೋಡಿ ಬಂದದ್ದೇ ಹಾಕ್ರಿ, ಅದು ಎಚ್‌ಡಿಎಂಐ 2.1.

ಪ್ರಶ್ನೆ ಕೇಳಿದವರು

ಅಯ್ಯೋ ಇಷ್ಟು ಉತ್ತರ ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ, ಒಬ್ಬೊಬ್ಬರದ್ದೂ ಎರಡೆರಡು ಸಲ ಓದಿದೆ. ಹೌದು, ಟಿವಿ ಓಲೆಡ್ಡೇ. ಪರ್ಫಾರ್ಮೆನ್ಸ್ ಆರ್‌ಟಿ ಈಗ ಟ್ರೈ ಮಾಡಿದೆ, ಗಾಜಲ್ಲಿ ನಾನು ವಾಪಸ್ ಬಂದೆ! ಬಿಂಬ ಸ್ವಲ್ಪ ಮೆತ್ತಗಿದೆ, ರಸ್ತೆಯಲ್ಲಿ ಜನ ಕಮ್ಮಿ ಆಗಿರೋದು ಹೇಳಿದ ಮೇಲೆ ಗೊತ್ತಾಯ್ತು, ಇಲ್ಲಾಂದ್ರೆ ಗೊತ್ತಾಗ್ತಾನೇ ಇರ್ಲಿಲ್ಲ.

ಆಮೇಲೆ ಮ್ಯಾನ್ಯುವಲ್ ನೋಡಿದೆ. ನಾಲ್ಕು ಪೋರ್ಟ್‌ನಲ್ಲಿ 3 ಮತ್ತು 4 ಮಾತ್ರ 120 ತಗೊಳ್ಳೋದಂತೆ, ನಾನು ಹಾಕಿದ್ದು 1ಕ್ಕೆ. ರಾತ್ರಿ ಬದಲಾಯಿಸಿ ಹೇಳ್ತೀನಿ. ಈ ವಿಆರ್‌ಆರ್ ಅಂತಾನೂ ಮ್ಯಾನ್ಯುವಲ್‌ನಲ್ಲಿ ಬರ್ದಿದ್ದಾರೆ, ಅದು ಆನ್ ಮಾಡ್ಲಾ? ಮತ್ತೆ ಅಪ್‌ಸ್ಕೇಲಿಂಗ್ ಅಂತ ಎಲ್ಲಾ ಕಡೆ ಹೇಳ್ತಾರಲ್ಲ, ಅದು ಈ ಲೆಕ್ಕದಲ್ಲಿ ಎಲ್ಲಿ ಬರುತ್ತೆ?

ಉತ್ತರ 1

ಧೈರ್ಯವಾಗಿ ಆನ್ ಮಾಡಿ. ವಿಆರ್‌ಆರ್ ಅಂದ್ರೆ ಫ್ರೇಮ್ ಯಾವಾಗ ರೆಡಿ ಆಗುತ್ತೋ ಆಗ ಟಿವಿನೇ ಕಾದು ತೋರಿಸುತ್ತೆ, ನಾನು ಮೊದ್ಲು ಹೇಳಿದ ಬಸ್ ತಪ್ಪೋ ಸಮಸ್ಯೆ ಇರಲ್ಲ, ಬಸ್ಸೇ ಎರಡು ಮಿಲಿಸೆಕೆಂಡ್ ನಿಮಗೋಸ್ಕರ ನಿಂತಂಗೆ. ಪಿಎಸ್ 5ಗೆ ಇದು ಬಂದಿದ್ದು 2022ರ ಏಪ್ರಿಲ್‌ನಲ್ಲಿ. ಅದರ ವ್ಯಾಪ್ತಿ 48ರಿಂದ 120 ಹರ್ಟ್ಸ್, ಹಂಗಾಗಿ 60 ಮುಟ್ಟೋಕೆ ಹೋಗಿ 52, 55ಕ್ಕೆ ಇಳಿಯೋ ಆಟಕ್ಕೆ ಅದ್ಭುತ, ಆದ್ರೆ 35ಕ್ಕೆ ಬಿದ್ದು ಒದ್ದಾಡೋ ಆಟಕ್ಕೆ ಮಾಡಿದೋರು ಬೇರೆ ವ್ಯವಸ್ಥೆ ಮಾಡಿಲ್ಲ ಅಂದ್ರೆ ಏನೂ ಸಹಾಯ ಆಗಲ್ಲ.

ಅಪ್‌ಸ್ಕೇಲಿಂಗ್ ಅಂದ್ರೆ ಕಮ್ಮಿ ಪಿಕ್ಸೆಲ್ ಬರೆದು ಹೆಚ್ಚು ಪಿಕ್ಸೆಲ್‌ನ ಚಿತ್ರ ಕಟ್ಟೋದು. ಹಳೇ ಥರ ಬರೀ ಹಿಗ್ಗಿಸೋದಲ್ಲ, ಹಿಂದಿನ ಕೆಲವು ಫ್ರೇಮ್‌ಗಳಲ್ಲಿ ಕಂಡಿದ್ದನ್ನ ನೆನಪಿಟ್ಕೊಂಡು, ಯಾವ ಪಿಕ್ಸೆಲ್ ಎಲ್ಲಿಂದ ಎಲ್ಲಿಗೆ ಸರೀತು ಅಂತ ಲೆಕ್ಕ ಹಾಕಿ, ಅದನ್ನೆಲ್ಲ ಸೇರಿಸಿ ಈಗಿನ ಫ್ರೇಮ್ ತುಂಬೋದು. ಎಫ್‌ಎಸ್‌ಆರ್ 2, ಪಿಎಸ್ 5 ಪ್ರೋದ ಪಿಎಸ್‌ಎಸ್‌ಆರ್, ಸ್ವಿಚ್ 2ರಲ್ಲಿರೋ ಡಿಎಲ್‌ಎಸ್‌ಎಸ್ ಎಲ್ಲಾ ಇದೇ ದಾರಿ, ಕೊನೆ ಎರಡರಲ್ಲಿ ಮಷಿನ್ ಲರ್ನಿಂಗ್ ಇದೆ. ಇದೂ ಪುಕ್ಕಟೆ ಅಲ್ಲ, ಇದಕ್ಕೇ ಒಂದೆರಡು ಮಿಲಿಸೆಕೆಂಡ್ ಹೋಗುತ್ತೆ, 33ರಲ್ಲಿ ಅದು ಗೊತ್ತಾಗಲ್ಲ, 16.7ರಲ್ಲಿ ದೊಡ್ಡ ಪಾಲು. ಮತ್ತೆ ಹಿಂದಿನ ಫ್ರೇಮ್‌ನಲ್ಲಿ ಇಲ್ಲದೇ ಇದ್ದಿದ್ದು ಈಗ ಹೊಸದಾಗಿ ಕಂಡ್ರೆ ಅದಕ್ಕೆ ನೆನಪೇ ಇರಲ್ಲ. ಕಂಬದ ಹಿಂದಿನಿಂದ ಪಾತ್ರ ಓಡಿಬಂದಾಗ ಅವನ ಬೆನ್ನ ಹಿಂದೆ ಅರೆಕ್ಷಣ ಮರಳು ಮರಳಾಗಿ ಕಾಣುತ್ತಲ್ಲ, ಅದು ಇದೇ.

ಇದಕ್ಕೂ ಮುಂಚಿನ ಉಪಾಯ ಡೈನಾಮಿಕ್ ರೆಸಲ್ಯೂಶನ್. ಪಿಎಸ್ 3ರಲ್ಲಿ 2008ರ ವೈಪೌಟ್ ಎಚ್‌ಡಿ ಮಾಡಿದ್ದು ನಂಗೆ ಇವತ್ತಿಗೂ ಮೆಚ್ಚುಗೆ. ಎತ್ತರ 1080 ಹಂಗೇ ಇಟ್ಟು, ಭಾರ ಜಾಸ್ತಿ ಆದಾಗ ಅಗಲ ಮಾತ್ರ 1920ರಿಂದ 1280ರವರೆಗೂ ಕುಗ್ಗಿಸ್ತಿದ್ರು, ಸ್ಫೋಟ ಆದ ಆ ಕ್ಷಣದಲ್ಲಿ ಯಾರು ತಾನೆ ಪಿಕ್ಸೆಲ್ ಎಣಿಸ್ತಾರೆ, 60 ಮಾತ್ರ ಅಲ್ಲಾಡ್ತಿರ್ಲಿಲ್ಲ. ಈಗ ಬಹುಪಾಲು ಆಟದಲ್ಲಿ ಇದು ಇದ್ದೇ ಇರುತ್ತೆ, 4ಕೆ ಅಂತ ಮೆನುವಿನಲ್ಲಿ ಬರ್ದಿದ್ರೂ ಅದು ಗರಿಷ್ಠ ಅಂತಲೇ ಓದ್ಕೊಳ್ಳಿ.

ಉತ್ತರ 3

ವಿಆರ್‌ಆರ್ ಆನ್ ಮಾಡಿದ ಮೇಲೆ ಒಂದು ಗಮನ ಇರಲಿ, ಕೆಲವು ಓಲೆಡ್‌ಗಳಲ್ಲಿ ಫ್ರೇಮ್ ರೇಟ್ ಮೇಲೆ ಕೆಳಗೆ ಆಗುವಾಗ ಕತ್ತಲೆ ದೃಶ್ಯಗಳಲ್ಲಿ ಬೂದು ಬಣ್ಣ ಸಣ್ಣಗೆ ಮಿನುಗಿದ ಹಾಗೆ ಕಾಣ್ತದೆ. ಟಿವಿ ಹಾಳಾಗಿದೆ ಅಂತ ಗಾಬರಿ ಆಗ್ಬೇಡಿ.

ಪ್ರಶ್ನೆ ಕೇಳಿದವರು

ಪೋರ್ಟ್ 4ಕ್ಕೆ ಹಾಕಿ, ಟಿವಿಯಲ್ಲಿ ಆ ಪೋರ್ಟಿನ ಸಿಗ್ನಲ್ ಮೋಡ್ ಬದಲಾಯಿಸಿ, ಕನ್ಸೋಲ್‌ನಲ್ಲಿ 120 ಹರ್ಟ್ಸ್ ಔಟ್‌ಪುಟ್ ಆಟೋಮ್ಯಾಟಿಕ್ ಮಾಡಿದೆ, ಆಟದ ಒಳಗೆ 120 ಹರ್ಟ್ಸ್ ಡಿಸ್‌ಪ್ಲೇ ಮೋಡ್ ಅನ್ನೋದು ಈಗ ಆನ್ ಮಾಡೋಕೆ ಬಂತು. ಫಿಡೆಲಿಟಿಯಲ್ಲೇ 40ಕ್ಕೆ ಓಡ್ತಿದೆ, ಮೊದಲು ವಿಆರ್‌ಆರ್ ಆಫ್ ಇಟ್ಟೇ ನೋಡಿದೆ.

ಅದೇ ಬಿಲ್ಡಿಂಗ್‌ಗೆ ಹೋಗಿ ಅದೇ ಗಾಜಿಗೆ ಅಂಟ್ಕೊಂಡು ನಿಂತೆ, ಹಿಮ, ಕಾರು, ಮುಖವಾಡ ಎಲ್ಲಾ ಹಂಗೇ ಇದೆ, ಅಲ್ಲಿಂದ ಹಾರಿ ಕ್ಯಾಮೆರಾ ಪೂರ್ತಿ ಒಂದು ಸುತ್ತು ತಿರುಗಿಸಿದೆ. 60ರಷ್ಟು ನುಣುಪಿಲ್ಲ, ಅದು ನಿಜ, ಪಕ್ಕ ಪಕ್ಕ ಹಾಕಿ ನೋಡಿದ್ರೆ ಗೊತ್ತಾಗುತ್ತೆ. ಆದ್ರೆ ಆ ಎರಡೆರಡು ಅಂಚು ಹೆಚ್ಚುಕಮ್ಮಿ ಹೋಗಿದೆ, ಒಂದು ಗಂಟೆ ಆಡಿದ್ರೂ ಕಣ್ಣು ನೋಯಲಿಲ್ಲ. ಬರೀ 10 ಫ್ರೇಮ್‌ಗೆ ಇಷ್ಟು ವ್ಯತ್ಯಾಸ ಆಗುತ್ತೆ ಅಂತ ನಂಬೋಕೇ ಆಗ್ತಿಲ್ಲ.

ಜಗಳ ಬಂದಾಗ ಮಾತ್ರ, ಅಂದ್ರೆ ನಾಲ್ಕೈದು ಜನ ಮೇಲೆ ಬಿದ್ದು ತಪ್ಪಿಸ್ಕೊಳ್ಳೋ ಬಟನ್ ಕರೆಕ್ಟ್ ಟೈಮ್‌ಗೆ ಒತ್ತಬೇಕಾದಾಗ, ಪರ್ಫಾರ್ಮೆನ್ಸ್ ಆರ್‌ಟಿನೇ ಕೈಗೆ ಹಿತ ಅನ್ಸ್ತು. ಹಂಗಾಗಿ ಕಥೆ ಮಿಷನ್‌ಗೆ ಅದು, ಸುಮ್ನೆ ಊರು ಸುತ್ತೋಕೆ 40 ಅಂತ ಇಟ್ಕೊಂಡಿದೀನಿ. ವಿಆರ್‌ಆರ್ ಇನ್ನೂ ಆನ್ ಮಾಡಿ ನೋಡಿಲ್ಲ, ಭಾನುವಾರ ಕೂತು ನೋಡ್ತೀನಿ.

ಉತ್ತರ 5

ಛಲೋ ಆತು ಬಿಡ್ರಿ! ರ‍್ಯಾಚೆಟ್ ಆಡಿಲ್ಲ ಅಂದ್ರ ಮುಂದ ಅದನ್ನ ಹಚ್ಚರಿ, 40ರಾಗ.